ಬೆಕ್ಕಿರುವ ಮನೆಗೆ ಚಿಂಚಿಲ್ಲಾ ತರಬಹುದೇ?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಮೊದಲ ಮಹಡಿ, ಮೇಲೆ ಬರೀ ತಾರಸಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಎರಡು ವರ್ಷದ ಹೆಣ್ಣು ಚಿಂಚಿಲ್ಲಾ (ಇಲಿಯ ಬಳಗದ, ದಟ್ಟ ಕೂದಲಿನ ಪುಟ್ಟ ಪ್ರಾಣಿ) ಸಾಕಿಕೊಂಡಿದ್ದಾಳೆ. ಈಗ ಕಂಪನಿಯವರು ಅವಳನ್ನು ಹೊರದೇಶಕ್ಕೆ ಕಳಿಸುತ್ತಿದ್ದಾರೆ. "ಅಮ್ಮಾ, ನೀನೇ ನೋಡ್ಕೋಬೇಕು" ಅಂತ ಹಟ ಹಿಡಿದಿದ್ದಾಳೆ. ನಮ್ಮಲ್ಲಿ ನಾಲ್ಕು ವರ್ಷದ ನಾಟಿ ಗಂಡು ಬೆಕ್ಕಿದೆ. ಹಾಲು ಅನ್ನ ತಿಂದು ಬೆಳೆದದ್ದು, ಆದರೂ ಇಲಿ, ಹಲ್ಲಿ, ಅಳಿಲು ಯಾವುದನ್ನೂ ಬಿಡುವುದಿಲ್ಲ. ಒಂದರ ವಾಸನೆ ಇನ್ನೊಂದಕ್ಕೆ ತಾಗಿಸಿದರೆ ಹದಿನೈದು ದಿನದಲ್ಲಿ ಹೊಂದಿಕೊಳ್ಳುತ್ತವೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಎರಡೂ ಒಟ್ಟಿಗೆ ಮಲಗಿರುವ ವಿಡಿಯೋಗಳನ್ನು ಮಗಳು ತೋರಿಸುತ್ತಾಳೆ. ಬೆಕ್ಕನ್ನು ಕಟ್ಟಿಹಾಕಲು ನಮ್ಮ ಅತ್ತೆಯವರು ಸುತಾರಾಂ ಒಪ್ಪುವುದಿಲ್ಲ. ಬೆಕ್ಕಿನ ಉಗುರು ತೆಗೆಸಿದರೆ ಸಾಕೇ? ಪಂಜರವನ್ನು ಹಾಲ್‌ನಲ್ಲಿ ಎತ್ತರಕ್ಕೆ ಇಡಬಹುದೇ? ಮನೆಯಲ್ಲಿ ಎಸಿ ಇಲ್ಲ, ಒಂದು ಕೂಲರ್ ಇದೆ. ಅದು ಸಾಲುತ್ತದೆಯೇ?

ಉತ್ತರ: ಪತ್ರದ ತುಂಬ ಬೆಕ್ಕಿನ ಚಿಂತೆ ಇದೆ. ಕೂಲರ್ ವಿಷಯ ಕೊನೆಯಲ್ಲಿ ಸುಮ್ಮನೆ ಬಂದುಹೋಗಿದೆ. ದಾವಣಗೆರೆಯ ಮಟ್ಟಿಗೆ ನನಗೆ ಆ ಕೊನೆಯ ಪ್ರಶ್ನೆಯೇ ಹೆಚ್ಚು ಭಯ ಹುಟ್ಟಿಸುತ್ತದೆ. ಬೆಕ್ಕು ಬಾರದಿರಲೆಂದು ಕಿಟಕಿ ಬಾಗಿಲು ಮುಚ್ಚಿದರೆ ಕೋಣೆ ಕಾಯುತ್ತದೆ, ಕೋಣೆ ತಣ್ಣಗಾಗಲೆಂದು ಕಿಟಕಿ ತೆರೆದರೆ ಬೆಕ್ಕು ಬರುತ್ತದೆ. ನಿಮ್ಮ ಎದುರಿರುವ ನಿಜವಾದ ಸಮಸ್ಯೆ ಇದು. ಇದನ್ನು ಬಗೆಹರಿಸಿಕೊಂಡರೆ ಎರಡು ಪ್ರಾಣಿಗಳೂ ನಿಮ್ಮ ಮನೆಯಲ್ಲಿ ಕ್ಷೇಮವಾಗಿ ಇರಬಲ್ಲವು. ಒಂದೇ ಮನೆ ಸರಿ, ಒಂದೇ ಕೋಣೆ ಮಾತ್ರ ಬೇಡ. ನೀವು ಪಕ್ಕದಲ್ಲೇ ಕೂತಿದ್ದರೂ ಬೇಡ, ಐದು ನಿಮಿಷಕ್ಕೂ ಬೇಡ.

ಮೊದಲು ಸ್ನೇಹದ ಮಾತು. ವಿಡಿಯೋಗಳು ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಅವು ತೋರಿಸುವುದು ಅರ್ಧ ನಿಮಿಷ. ಬೆಕ್ಕಿನಲ್ಲಿ ಹಸಿವು ಮತ್ತು ಬೇಟೆ ಬೇರೆಬೇರೆ ದಾರಿಯಲ್ಲಿ ಕೆಲಸ ಮಾಡುತ್ತವೆ. ಹೊಟ್ಟೆ ತುಂಬಿದ ಬೆಕ್ಕೂ ಹಲ್ಲಿಯ ಮೇಲೆ ಹಾರುವುದನ್ನು ನೀವೇ ನೋಡಿದ್ದೀರಿ. ಕಣ್ಣೆದುರು ಚಿಕ್ಕದೊಂದು ಪ್ರಾಣಿ ಚಂಗನೆ ಜಿಗಿದು ಓಡಿದರೆ ಬೆಕ್ಕಿನ ಮೈ ತಾನಾಗಿಯೇ ಬೇಟೆಗೆ ಸಿದ್ಧವಾಗುತ್ತದೆ. ಚಿಂಚಿಲ್ಲಾ ಓಡಾಡುವ ರೀತಿಯೇ ಹಾಗೆ: ಗೋಡೆಗೆ ಕಾಲು ಕೊಟ್ಟು ತಿರುಗುತ್ತದೆ, ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ ಹಾರುತ್ತದೆ, ಅದೂ ಸಂಜೆ ಮಬ್ಬಿನಲ್ಲಿ ಮತ್ತು ರಾತ್ರಿ. ಬೆಕ್ಕು ಚುರುಕಾಗುವ ಹೊತ್ತೂ ಅದೇ. ಆರು ತಿಂಗಳು ಸುಮ್ಮನಿದ್ದ ಬೆಕ್ಕು ಏಳನೇ ತಿಂಗಳು ಒಂದು ಸಂಜೆ ಹಾರಬಹುದು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಬೆಕ್ಕಿನ ಮಟ್ಟಿಗೆ ಬೈಗುಳವಲ್ಲ, ಅದರ ಹುಟ್ಟೇ ಹಾಗೆ. ನಿಮ್ಮದಂತೂ ಅಳಿಲನ್ನೇ ಹಿಡಿದು ಪಳಗಿದ ಬೆಕ್ಕು. ದೊಡ್ಡ ಚಿಂಚಿಲ್ಲಾ 400ರಿಂದ 600 ಗ್ರಾಂ, ಹೆಣ್ಣು ಇನ್ನೂ ಸ್ವಲ್ಪ ಹೆಚ್ಚು ತೂಗಬಹುದು. ಇಲಿಗಿಂತ ದೊಡ್ಡದು ಎಂಬ ಕಾರಣಕ್ಕೆ ಬೆಕ್ಕು ಬಿಡುವುದಿಲ್ಲ. ಅದರ ಎಲುಬುಗಳು ಬಹಳ ತೆಳು, ಉಬ್ಬಿದ ಕೂದಲನ್ನು ನೋಡಿ ಗಟ್ಟಿಮುಟ್ಟು ಎಂದುಕೊಳ್ಳಬೇಡಿ.

ವಾಸನೆ ತಾಗಿಸುವ ಉಪಾಯ ಎರಡು ಬೆಕ್ಕುಗಳ ನಡುವೆ ನಡೆಯುತ್ತದೆ. ಇಲ್ಲಿ ಅದು ಉಲ್ಟಾ ಹೊಡೆಯಬಹುದು. ಬೆಕ್ಕು ಮಲಗಿದ ಬಟ್ಟೆಯನ್ನು ಪಂಜರದಲ್ಲಿ ಹಾಕಿದರೆ, ತಾನಿರುವ ಗೂಡಿನೊಳಗೇ ಬೇಟೆಗಾರ ಬಂದುಹೋದ ಸುದ್ದಿ ಚಿಂಚಿಲ್ಲಾಕ್ಕೆ ಸಿಗುತ್ತದೆ. ಓಡಲು ಜಾಗವಿಲ್ಲ. ಹಾಗೆ ಹೆದರಿದ ಚಿಂಚಿಲ್ಲಾ ಮೊದಲು ಮಾಡುವುದು ಊಟ ಬಿಡುವುದು.

ಉಗುರಿನ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. ಉಗುರಿನ ತುದಿ ಕತ್ತರಿಸುವುದು ಬೇರೆ, ಉಗುರು ತೆಗೆಸುವುದು ಬೇರೆ. ತೆಗೆಸುವುದೆಂದರೆ ಪ್ರತಿ ಬೆರಳಿನ ಕೊನೆಯ ಎಲುಬನ್ನೇ ಕತ್ತರಿಸಿ ಹಾಕುವುದು. ಬೆಕ್ಕು ಬದುಕಿಡೀ ನೋವು ತಿನ್ನಬಹುದು, ಹಲ್ಲಂತೂ ಹಾಗೇ ಉಳಿಯುತ್ತದೆ. ದಯವಿಟ್ಟು ಆ ಯೋಚನೆ ಬಿಟ್ಟುಬಿಡಿ. ಕೊರಳಿಗೆ ಗೆಜ್ಜೆ ಕಟ್ಟುವುದರಿಂದಲೂ ಪ್ರಯೋಜನವಿಲ್ಲ. ಪಂಜರದಲ್ಲಿರುವ ಪ್ರಾಣಿಗೆ ಸದ್ದು ಕೇಳಿ ಓಡಲು ದಾರಿ ಎಲ್ಲಿದೆ? ಪಂಜರದ ಹತ್ತಿರ ಬಂದಾಗಲೆಲ್ಲ ನೀರು ಎರಚಿದರೆ, ನೀವಿರುವಾಗ ಬರಬಾರದು ಎಂದಷ್ಟೇ ಬೆಕ್ಕು ಕಲಿಯುತ್ತದೆ. ಗಂಡು ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಖಂಡಿತ ಮಾಡಿಸಿ. ಅಲೆದಾಟ, ಜಗಳ, ಕಂಡಕಂಡಲ್ಲಿ ಮೂತ್ರ ಚಿಮ್ಮಿಸುವುದು ಕಡಿಮೆಯಾಗುತ್ತದೆ. ಬೇಟೆ ಮಾತ್ರ ನಿಲ್ಲುವುದಿಲ್ಲ.

ಪಂಜರ ಗಟ್ಟಿಯಾಗಿದ್ದರೆ ಹಾಲ್‌ನಲ್ಲಿ ಇಟ್ಟರೇನು ಎಂಬುದು ನ್ಯಾಯವಾದ ಪ್ರಶ್ನೆ. ತೊಂದರೆ ಏನೆಂದರೆ ಬೆಕ್ಕು ಮುಟ್ಟದೆಯೂ ಹಾನಿ ಮಾಡಬಲ್ಲದು. ಎದುರು ಕೂತು, ಬಾಲದ ತುದಿ ಮಾತ್ರ ಆಡಿಸುತ್ತ, ಕಣ್ಣು ಮಿಟುಕಿಸದೆ ಗಂಟೆಗಟ್ಟಲೆ ನೋಡಿದರೆ ಸಾಕು. ಚಿಂಚಿಲ್ಲಾ ಮೂಲೆ ಸೇರುತ್ತದೆ, ಎಚ್ಚರಿಕೆಯ ಬೊಗಳುವ ಸದ್ದು ಮಾಡುತ್ತದೆ, ಕೆಲವು ಹಿಂಗಾಲಲ್ಲಿ ನಿಂತು ಮೂತ್ರ ಎರಚುತ್ತವೆ. ದಿನವೂ ಇದೇ ಆದರೆ ತನ್ನ ಕೂದಲನ್ನೇ ಕಡಿದು ಹಾಕಿಕೊಳ್ಳುತ್ತದೆ. ಹುಲ್ಲು ತಿನ್ನುವುದು ಕಡಿಮೆಯಾದರೆ ಕರುಳಿನ ಚಲನೆ ನಿಧಾನವಾಗುತ್ತದೆ, ಹೊಟ್ಟೆಯಲ್ಲಿ ಗ್ಯಾಸ್ ತುಂಬುತ್ತದೆ, ನೋವಿಗೆ ಇನ್ನಷ್ಟು ಊಟ ಬಿಡುತ್ತದೆ. ಈ ಸುಳಿಗೆ ಸಿಕ್ಕ ಪ್ರಾಣಿ ಒಂದೆರಡು ದಿನದಲ್ಲೇ ಸಾಯಬಹುದು. ಆದ್ದರಿಂದ 12 ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಚಿಕ್ಕದಾಗಿ ಒಣಗಿದ್ದರೆ ಅಥವಾ ನಿಂತೇ ಹೋಗಿದ್ದರೆ ನಾಳೆ ನೋಡೋಣ ಎನ್ನಬೇಡಿ. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಡಬ್ಬವಿಟ್ಟು ತೂಕ ಬರೆದಿಡಿ. 500 ಗ್ರಾಂ ಇದ್ದದ್ದು ಒಂದು ವಾರದಲ್ಲಿ 475ಕ್ಕೆ ಇಳಿದರೆ ಕಾರಣ ಹುಡುಕಬೇಕು. ಕಣ್ಣಿಗೆ ಅದು ಕಾಣುವುದಿಲ್ಲ, ಕೂದಲು ಮುಚ್ಚಿಬಿಡುತ್ತದೆ.

ಎತ್ತರದಲ್ಲಿ ಇಡುವುದರಿಂದ ಬೆಕ್ಕಿಗೆ ಅಡ್ಡಿಯೇ ಆಗದು. ಪಂಜರದ ತಲೆ ಮೇಲೆ ಕೂರಲು ಇನ್ನೂ ಒಳ್ಳೆಯ ಜಾಗ ಸಿಕ್ಕಂತಾಯಿತು, ಅಷ್ಟೇ. ನೆತ್ತಿಯ ಮೇಲೆ ಬೇಟೆಗಾರ ಕೂತಿರುವುದಕ್ಕಿಂತ ಕೆಟ್ಟ ಹೆದರಿಕೆ ಚಿಂಚಿಲ್ಲಾಕ್ಕೆ ಇನ್ನೊಂದಿಲ್ಲ.

ಬಿಸಿಲಿನ ಲೆಕ್ಕ

ಚಿಂಚಿಲ್ಲಾ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಪ್ರಾಣಿ. ಒಣ ಗಾಳಿ, ತಣ್ಣನೆಯ ರಾತ್ರಿ, ಬಂಡೆಯ ಸಂದು ಅದರ ಲೋಕ. ಒಂದು ಕೂದಲ ರಂಧ್ರದಿಂದ ನಮಗೆ ಒಂದೆರಡು ಕೂದಲು ಬಂದರೆ ಅದಕ್ಕೆ 60ರ ಆಸುಪಾಸು ಬರುತ್ತವೆ. ಮೈ ಬೆವರುವುದಿಲ್ಲ. ಚಳ್ಳಕೆರೆ ಕಂಬಳಿಯನ್ನು ಬಿಗಿಯಾಗಿ ಹೊದ್ದು ಏಪ್ರಿಲ್ ಬಿಸಿಲಿನಲ್ಲಿ ಕೂತವರ ಪಾಡು ಅದರದು. ಅದಕ್ಕೆ ಹಿತವಾಗುವುದು 15ರಿಂದ 21 ಡಿಗ್ರಿ ಸೆಲ್ಸಿಯಸ್. 26 ಡಿಗ್ರಿ ದಾಟಿದರೆ ಅಪಾಯ ಶುರು.

ದಾವಣಗೆರೆಯಲ್ಲಿ ಏಪ್ರಿಲ್ ಮಧ್ಯಾಹ್ನ 37, 38 ಡಿಗ್ರಿ ಮಾಮೂಲು. ಚಿತ್ರದುರ್ಗದಲ್ಲಿ ಸ್ವಲ್ಪ ಕಡಿಮೆ ಇರಬಹುದು, ಗಾಳಿಯೂ ಹೆಚ್ಚು, ಆದರೆ ಚಿಂಚಿಲ್ಲಾಕ್ಕೆ 36 ಮತ್ತು 38ರ ನಡುವೆ ವ್ಯತ್ಯಾಸವಿಲ್ಲ. ಮೇಲೆ ತಾರಸಿ ಇರುವ ಮನೆಯಲ್ಲಿ ಹಗಲೆಲ್ಲ ಕಾದ ಆರ್‌ಸಿಸಿ ರಾತ್ರಿ ಹತ್ತರವರೆಗೂ ಶಾಖ ಬಿಡುತ್ತಲೇ ಇರುತ್ತದೆ. ಹೊರಗೆ ತಂಪಾದರೂ ಕೋಣೆ ತಂಪಾಗುವುದಿಲ್ಲ.

ಫ್ಯಾನ್ ಗಾಳಿ ನಮಗೆ ಹಿತ, ಏಕೆಂದರೆ ನಮ್ಮ ಬೆವರು ಆರುತ್ತದೆ. ಬೆವರದ ಪ್ರಾಣಿಗೆ ಫ್ಯಾನ್ ಬಿಸಿಗಾಳಿಯನ್ನೇ ತಿರುಗಿಸಿ ಕೊಡುತ್ತದೆ. ಕೂಲರ್ ಕಥೆ ಇನ್ನೂ ಕೆಟ್ಟದ್ದು. ಅದು ನೀರು ಆವಿಯಾಗಿಸಿ ತಂಪು ಮಾಡುತ್ತದೆ, ಜೊತೆಗೆ ಕೋಣೆಯ ತೇವಾಂಶ ಏರಿಸುತ್ತದೆ. ಚಿಂಚಿಲ್ಲಾ ಸಾಕುವವರು ಬಳಸುವ ಒಂದು ಸುಲಭ ಲೆಕ್ಕವಿದೆ: ಫ್ಯಾರನ್‌ಹೀಟ್‌ನಲ್ಲಿ ಉಷ್ಣಾಂಶ, ಅದಕ್ಕೆ ಶೇಕಡಾ ತೇವಾಂಶವನ್ನು ಕೂಡಿಸಿ. ಮೊತ್ತ 150 ದಾಟಿದರೆ ಪ್ರಾಣಕ್ಕೆ ಅಪಾಯ. ಕೂಲರ್ ಓಡುವ ಕೋಣೆ 28 ಡಿಗ್ರಿ ಸೆಲ್ಸಿಯಸ್, ಅಂದರೆ 82 ಫ್ಯಾರನ್‌ಹೀಟ್. ತೇವಾಂಶ 75 ಇದ್ದರೆ ಮೊತ್ತ 157. ಎಸಿ 22ಕ್ಕೆ ಇಟ್ಟ ಕೋಣೆ 72, ತೇವಾಂಶ 50, ಮೊತ್ತ 122. ಹಾಗಾಗಿ ಕೂಲರ್ ಸಾಲುವುದಿಲ್ಲ. ಎಸಿ ಇಲ್ಲದೆ ಚಿಂಚಿಲ್ಲಾವನ್ನು ದಾವಣಗೆರೆಗೆ ತರಬೇಡಿ, ನಾನು ಇದರಲ್ಲಿ ರಿಯಾಯಿತಿ ಕೊಡಲಾರೆ. ಮೊತ್ತ 150ರ ಒಳಗಿದೆ ಎಂದು 30 ಡಿಗ್ರಿಯ ಒಣ ಕೋಣೆಯಲ್ಲಿ ಬಿಡುವುದೂ ತಪ್ಪು. 26ರ ಮಿತಿ ಯಾವಾಗಲೂ ಮೊದಲು.

ಕರೆಂಟ್ ಹೋದಾಗ ಏನು? ಮನೆಗಳಲ್ಲಿ ಸಾಮಾನ್ಯವಾಗಿರುವ 850, 900 ವಿಎ ಇನ್ವರ್ಟರ್ ಒಂದು ಟನ್ ಎಸಿಯನ್ನು ಎಳೆಯುವುದಿಲ್ಲ. ಎಸಿಗೆ ಹತ್ತಿರಹತ್ತಿರ ಒಂದು ಕಿಲೋವ್ಯಾಟ್ ಬೇಕು. ಬೇಸಿಗೆಯಲ್ಲಿ ಒಂದು ಲೀಟರಿನ ಐದಾರು ಬಾಟಲಿಗಳಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಸದಾ ಗಟ್ಟಿಯಾಗಿಸಿಡಿ. ಗ್ರಾನೈಟ್ ಅಂಗಡಿಯಲ್ಲಿ ಒಂದಡಿ ಚೌಕದ ಎರಡು ತುಂಡು ತಂದು ಒಂದನ್ನು ಪಂಜರದಲ್ಲಿ, ಇನ್ನೊಂದನ್ನು ಫ್ರಿಜ್‌ನಲ್ಲಿ ಇಟ್ಟು ಬದಲಾಯಿಸುತ್ತಿರಿ. ಚಿಂಚಿಲ್ಲಾ ತಾನಾಗಿಯೇ ಅದರ ಮೇಲೆ ಹೊಟ್ಟೆಯಿಟ್ಟು ಮಲಗುತ್ತದೆ. ಇದು ಒಂದೆರಡು ಗಂಟೆಯ ಆಸರೆ. ಇಡೀ ಮಧ್ಯಾಹ್ನ ಕರೆಂಟ್ ಇಲ್ಲದಿದ್ದರೆ ಜನರೇಟರ್ ಇರುವ ನೆಂಟರ ಮನೆ ಯಾವುದೆಂದು ಮೊದಲೇ ಯೋಚಿಸಿಟ್ಟಿರಬೇಕು.

ಕಿವಿ ಕೆಂಪಗೆ ಬಿಸಿಯಾಗುವುದು, ಬಾಯಿ ತೆರೆದು ಉಸಿರಾಡುವುದು, ಜೊಲ್ಲು, ಪಕ್ಕಕ್ಕೆ ಒರಗಿ ಬೀಳುವುದು ಶಾಖದ ಏಟಿನ ಲಕ್ಷಣಗಳು. ತಂಪು ಕೋಣೆಗೆ ಒಯ್ದು, ತಣ್ಣೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕಿವಿ ಮತ್ತು ಪಾದ ಒರೆಸಿ, ಹೊರಡಿ. ಮೈ ತೋಯಿಸಬೇಡಿ. ಐಸ್ ನೀರಿನಲ್ಲಿ ಅದ್ದಬೇಡಿ. ಬಾಯಿಗೆ ನೀರು ಹೊಯ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಕೋಣೆ ಮತ್ತು ಪಂಜರ

ಇರುವ ಕೋಣೆಗಳಲ್ಲಿ ಉತ್ತರ ಅಥವಾ ಪೂರ್ವ ದಿಕ್ಕಿನದನ್ನು ಆರಿಸಿ. ಪಡುವಣ ಗೋಡೆಯ ಕೋಣೆ ಬೇಡ. ತಾರಸಿಗೆ ಬಿಳಿಯ ಕೂಲ್ ರೂಫ್ ಬಣ್ಣ ಹೊಡೆಸಿದರೆ ಎಸಿಯ ಮೇಲಿನ ಭಾರ ಇಳಿಯುತ್ತದೆ. ಉಷ್ಣಾಂಶ, ತೇವಾಂಶ ಎರಡನ್ನೂ ತೋರಿಸುವ ಡಿಜಿಟಲ್ ಮೀಟರನ್ನು ಪಂಜರದ ಮಟ್ಟದಲ್ಲೇ ತೂಗುಹಾಕಿ. ದಿನದ ಗರಿಷ್ಠ, ಕನಿಷ್ಠ ನೆನಪಿಡುವ ಮೀಟರಾದರೆ ನೀವು ಮಲಗಿದ್ದಾಗ ಏನಾಯಿತೆಂದು ಬೆಳಿಗ್ಗೆ ತಿಳಿಯುತ್ತದೆ. ಎಸಿ ಗಾಳಿ ನೇರ ಪಂಜರಕ್ಕೆ ಬಡಿಯಬಾರದು.

ನವೆಂಬರಿನಿಂದ ಜನವರಿಯವರೆಗೆ ರಾತ್ರಿ ಎಸಿ ಬೇಕಾಗದ ದಿನಗಳಿರುತ್ತವೆ, ಆಗ ಕಿಟಕಿ ತೆರೆಯಬಹುದು. ಆದರೆ ಕಿಟಕಿಗಿರುವ ನೈಲಾನ್ ಸೊಳ್ಳೆ ಪರದೆಯನ್ನು ನಂಬಬೇಡಿ, ಬೆಕ್ಕಿನ ಉಗುರಿಗೆ ಅದು ಅರ್ಧ ನಿಮಿಷದ ಕೆಲಸ. ಅರ್ಧ ಇಂಚಿನ ಜಿಐ ವೆಲ್ಡ್ ಮೆಶ್ (ಸತು ಲೇಪಿಸಿದ ತಂತಿಯ ಬೆಸುಗೆ ಜಾಲರಿ) ತಂದು, ಗ್ರಿಲ್ ಕೆಲಸದವರಿಂದ ಕಬ್ಬಿಣದ ಚೌಕಟ್ಟಿಗೆ ಬೆಸುಗೆ ಹಾಕಿಸಿ, ಕಿಟಕಿಗೆ ಸ್ಕ್ರೂ ಹೊಡೆಸಿ. ವೆಂಟಿಲೇಟರ್ ಮರೆಯಬೇಡಿ. ನಿಮ್ಮ ಬೆಕ್ಕಲ್ಲದಿದ್ದರೆ ಬೀದಿಯ ಬೆಕ್ಕು ಬರುವುದು ಅಲ್ಲಿಂದಲೇ, ಇಲಿಯೂ ಅಷ್ಟೇ. ಕೋಳಿಗೂಡಿಗೆ ಬಳಸುವ ಆರು ಮೂಲೆಯ ತೆಳು ಜಾಲರಿ ಇಲ್ಲಿ ತಡೆಯುವುದಿಲ್ಲ.

ಬಾಗಿಲ ವಿಷಯದಲ್ಲೇ ಹೆಚ್ಚಿನ ಮನೆಗಳು ಸೋಲುತ್ತವೆ. ಪಂಜರ ಮುರಿದು ಆಗುವ ಅನಾಹುತ ಕಡಿಮೆ, ಯಾರೋ ಕಾಫಿ ಲೋಟ ಹಿಡಿದು ಬಾಗಿಲು ತೆರೆದಾಗ ಕಾಲ ಸಂದಿಯಲ್ಲಿ ಬೆಕ್ಕು ನುಗ್ಗಿ ಆಗುವುದೇ ಹೆಚ್ಚು. ಇದಕ್ಕೆ ಎರಡು ಬಾಗಿಲು ಬೇಕು. ಈಗಿರುವ ಮರದ ಬಾಗಿಲ ಹೊರಗೆ ಒಂದು ಜಾಲರಿ ಬಾಗಿಲು ಮಾಡಿಸಿ, ತಾನಾಗಿಯೇ ಮುಚ್ಚಿಕೊಳ್ಳಲು ಸ್ಪ್ರಿಂಗ್ ಕೀಲು ಹಾಕಿಸಿ. ಎರಡರ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಸಿಕ್ಕರೆ ಉತ್ತಮ. ಸಿಗದಿದ್ದರೂ ಮೊದಲ ಬಾಗಿಲು ಮುಚ್ಚಿದ ಮೇಲೆಯೇ ಎರಡನೆಯದು ತೆರೆಯುವ ಕಟ್ಟುನಿಟ್ಟು ಇರಲಿ. ನಾಟಿ ಬೆಕ್ಕು ಹಾರಿ ಹಿಡಿಕೆ ಒತ್ತುವುದನ್ನು ಬಹುಬೇಗ ಕಲಿಯುತ್ತದೆ. ಆದ್ದರಿಂದ ಬಗ್ಗಿಸಿ ತೆರೆಯುವ ಹಿಡಿಕೆಗಿಂತ ಚಿಲಕ ಮೇಲು. ಮನೆಗೆಲಸದವರಿಗೆ, ಬಂದುಹೋಗುವ ಮಕ್ಕಳಿಗೆ ಕೋಣೆಯ ಕೆಲಸ ಕೊಡಬೇಡಿ.

ಪಂಜರ ಕನಿಷ್ಠ ಎರಡಡಿ ಅಗಲ, ಎರಡಡಿ ಆಳ, ಮೂರಡಿ ಎತ್ತರ. ಮೂರಡಿ ಅಗಲ, ನಾಲ್ಕಡಿ ಎತ್ತರವಾದರೆ ಪ್ರಾಣಿಗೆ ನಿಜವಾಗಿಯೂ ಆಡಲು ಜಾಗವಾಗುತ್ತದೆ. ಮಾರುಕಟ್ಟೆಯ ಪಂಜರಗಳ ಸರಳುಗಳ ನಡುವೆ ಸಾಧಾರಣವಾಗಿ ಒಂದು ಇಂಚು ಸಂದಿರುತ್ತದೆ. ಚಿಂಚಿಲ್ಲಾ ಹೊರಬರಲಾರದು, ಆದರೆ ಬೆಕ್ಕಿನ ಪಂಜದ ಮುಂಭಾಗ ಒಳಗೆ ಹೋಗುತ್ತದೆ. ಒಮ್ಮೆ ಉಗುರು ಸಿಕ್ಕಿಸಿದರೆ ಸಾಕು, ಗಾಬರಿಯಲ್ಲಿ ಎಳೆದುಕೊಂಡ ಚಿಂಚಿಲ್ಲಾ ಹಿಂಗಾಲಿನ ಎಲುಬು ಮುರಿದುಕೊಳ್ಳುತ್ತದೆ. ಅದಕ್ಕಾಗಿ ಪಂಜರದ ಹೊರಗೆ, ಸುತ್ತಲೂ ಆರು ಇಂಚು ಬಿಟ್ಟು, ಅದೇ ಅರ್ಧ ಇಂಚಿನ ಮೆಶ್‌ನ ಇನ್ನೊಂದು ಚೌಕಟ್ಟು ನಿಲ್ಲಿಸಿ. ಎರಡನೇ ಪದರ ದುಂದುವೆಚ್ಚ ಎನಿಸಬಹುದು. ಬಾಗಿಲು ಒಂದು ದಿನ ಕೈಕೊಟ್ಟಾಗ ಉಳಿಸುವುದು ಇದೇ. ಜಿಐ ಮೆಶ್ ಹೊರಗಿರಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ: ಅದರ ಮೇಲಿನ ಸತುವಿನ ಲೇಪವನ್ನು ಚಿಂಚಿಲ್ಲಾ ಕಡಿದು ನುಂಗಿದರೆ ವಿಷ. ಆ ಆರು ಇಂಚಿನ ಜಾಗದಲ್ಲಿ ಸ್ಟೀಲ್ ತಟ್ಟೆಯಿಟ್ಟು ಮಂಜುಗಟ್ಟಿದ ಬಾಟಲಿಗಳನ್ನೂ ನಿಲ್ಲಿಸಬಹುದು, ಪ್ಲಾಸ್ಟಿಕ್ ಅದರ ಹಲ್ಲಿಗೆ ಸಿಗುವುದಿಲ್ಲ.

ನಾಲ್ಕು ಕಿಲೋ ಬೆಕ್ಕು ಓಡಿಬಂದು ಹಾರಿದರೆ ಎತ್ತರದ ಪಂಜರ ಮಗುಚುತ್ತದೆ. ಮೇಲ್ಭಾಗವನ್ನು ಎರಡು ಎಲ್ ಕ್ಲಾಂಪ್‌ನಿಂದ ಗೋಡೆಗೆ ಬಿಗಿಸಿ. ಛಾವಣಿಗೆ ಜಾಲರಿಯ ಬದಲು ಮುಚ್ಚಿದ ಹಲಗೆ ಇರಲಿ. ಒಳಗಿನ ಮರದ ಮೆಟ್ಟಿಲುಗಳು ಸರಳಿನಿಂದ ನಾಲ್ಕು ಇಂಚು ಒಳಗಿರಲಿ, ಬಾಲ ಹೊರಗೆ ಇಳಿಬೀಳದಂತೆ. ಬಣ್ಣ, ವಾರ್ನಿಷ್, ಪ್ಲೈವುಡ್ ಬೇಡ, ಚೆನ್ನಾಗಿ ಒಣಗಿಸಿದ ಪೈನ್ ಹಲಗೆ ಸಾಕು. ಪ್ಯಾಕಿಂಗ್ ಪೆಟ್ಟಿಗೆಯ ಮರ ತರುವುದಾದರೆ ಅದರ ಮೇಲಿನ ಮುದ್ರೆ ನೋಡಿ: ಎಚ್‌ಟಿ ಎಂದಿದ್ದರೆ ಶಾಖದಿಂದ ಸಂಸ್ಕರಿಸಿದ್ದು, ಎಂಬಿ ಎಂದಿದ್ದರೆ ವಿಷಾನಿಲದಿಂದ, ಅದನ್ನು ಬಿಟ್ಟುಬಿಡಿ. ಒಳಗೆ ಬಚ್ಚಿಟ್ಟುಕೊಳ್ಳಲು ಒಂದು ಮರದ ಗೂಡು ಬೇಕೇಬೇಕು. ಚಿಂಚಿಲ್ಲಾ ಹೊರಳಾಡಿ ಕೂದಲು ಶುಚಿ ಮಾಡಿಕೊಳ್ಳುವ ಮಣ್ಣಿನ ಸ್ನಾನದ ಪುಡಿಯನ್ನು ವಾರಕ್ಕೆ ಮೂರು ಬಾರಿ, ಹತ್ತು ನಿಮಿಷ ಇಟ್ಟು ತೆಗೆಯಿರಿ. ಅದು ಜ್ವಾಲಾಮುಖಿ ಬೂದಿಯ ನುಣುಪಾದ ಪುಡಿ, ಮಗಳ ಬಳಿ ಇದ್ದೇ ಇರುತ್ತದೆ. ಬದಲಿಗೆ ಮರಳು, ಟಾಲ್ಕಮ್ ಪೌಡರ್, ವಿಭೂತಿ ಯಾವುದೂ ಆಗದು.

ಊಟದ ಬಗ್ಗೆ ಒಂದೆರಡೇ ಮಾತು. ಟಿಮೊಥಿ ಎಂಬ ಒಣಹುಲ್ಲು ಸದಾ, ಪೆಲೆಟ್ (ಒತ್ತಿ ಮಾಡಿದ ಆಹಾರದ ಗುಳಿಗೆ) ದಿನಕ್ಕೆ ಒಂದರಿಂದ ಎರಡು ಟೇಬಲ್ ಚಮಚ. ನಮ್ಮ ಕಡೆ ಸುಲಭಕ್ಕೆ ಸಿಗುವ ಶೇಂಗಾ ಹೊಟ್ಟು ಬೇಡ, ಬೂಷ್ಟಿನ ಭಯವಿದೆ, ಸುಣ್ಣದ ಅಂಶವೂ ಹೆಚ್ಚು. ಮುದ್ದಿಗೆಂದು ಮಂಡಕ್ಕಿ, ಶೇಂಗಾ, ಒಣದ್ರಾಕ್ಷಿ ಕೊಡಬೇಡಿ. ಹಿಟ್ಟು, ಎಣ್ಣೆ, ಸಕ್ಕರೆ ಅದರ ಕರುಳಿಗೆ ಒಗ್ಗುವುದಿಲ್ಲ.

ಬೆಕ್ಕಿನ ಕಡೆಯ ನ್ಯಾಯ

ಕಟ್ಟಿಹಾಕಬಾರದು ಎಂಬ ನಿಮ್ಮ ಅತ್ತೆಯವರ ಮಾತು ಸರಿ. ಮನೆಯೆಲ್ಲ ತನ್ನದೆಂದುಕೊಂಡ ಬೆಕ್ಕಿಗೆ ಒಂದು ಕೋಣೆ ಇಲ್ಲವಾಗುತ್ತಿದೆ, ಅದಕ್ಕೆ ಪ್ರತಿಯಾಗಿ ಏನಾದರೂ ಕೊಡಬೇಕು. ಹಾಲು ಅನ್ನದಲ್ಲಿ ಬೆಳೆದ ಬೆಕ್ಕು ಇಲಿ, ಹಲ್ಲಿ ಹಿಡಿಯುವುದು ಕೇವಲ ಚಪಲಕ್ಕಲ್ಲ. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಟಾರಿನ್ ಎಂಬ ಅಂಶ ಅನ್ನದಲ್ಲಿಲ್ಲ, ಹಾಲಿನಲ್ಲಿ ಸಾಲದು. ಅದು ಕೊರತೆಯಾದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ನಿಮ್ಮ ಬೆಕ್ಕು ಆ ಕೊರತೆಯನ್ನು ಬೇಟೆಯಿಂದ ತುಂಬಿಕೊಳ್ಳುತ್ತ ಬಂದಿರಬೇಕು. ಮನೆಯಲ್ಲಿ ಮಾಂಸ ಬೇಯಿಸದಿದ್ದರೂ ಪರವಾಗಿಲ್ಲ, ಮಾಂಸಾಧಾರಿತ, ಟಾರಿನ್ ಸೇರಿದ ಬೆಕ್ಕಿನ ಆಹಾರ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ವಾರ ಹತ್ತು ದಿನದಲ್ಲಿ ನಿಧಾನವಾಗಿ ಬದಲಿಸಿ. ಇಂಗ್ಲೆಂಡಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಾಂಸದ ಅಂಶ ಹೆಚ್ಚಿರುವ ಆಹಾರ ಕೊಟ್ಟ ಬೆಕ್ಕುಗಳು ಮನೆಗೆ ತರುವ ಬೇಟೆ ಶೇ. 36ರಷ್ಟು, ದಿನಕ್ಕೆ ಐದು ಹತ್ತು ನಿಮಿಷ ಆಟವಾಡಿಸಿದವುಗಳದ್ದು ಶೇ. 25ರಷ್ಟು ಇಳಿಯಿತು. ಇಳಿಯಿತು ಎಂಬುದನ್ನು ಗಮನಿಸಿ, ನಿಲ್ಲಲಿಲ್ಲ. ಬಾಗಿಲಿಗೆ ಇದು ಬದಲಿಯಾಗದು.

ಸಂಜೆ ಚಿಂಚಿಲ್ಲಾ ಏಳುವ ಮೊದಲು, ಸುಮಾರು ಆರೂವರೆಗೆ, ಕೋಲಿಗೆ ಗರಿ ಕಟ್ಟಿ ಹತ್ತು ನಿಮಿಷ ಓಡಿಸಿ, ಕೊನೆಗೆ ಒಮ್ಮೆ ಹಿಡಿಯಲು ಬಿಡಿ, ಕೂಡಲೇ ಊಟ ಹಾಕಿ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ ಎಂಬುದು ಅದರ ಕ್ರಮ. ಕೋಣೆಯ ಬಾಗಿಲ ಮುಂದೆ ಠಿಕಾಣಿ ಹೂಡಿದರೆ ಗದರಬೇಡಿ, ಬೇರೆ ಕಡೆ ಕಿಟಕಿಯ ಬಳಿ ಎತ್ತರದ ಹಲಗೆಯೊಂದನ್ನು ಕೊಡಿ.

ರೇಬೀಸ್ ಲಸಿಕೆ, ಜಂತುಹುಳುವಿನ ಔಷಧಿ ತಪ್ಪಿಸಬೇಡಿ. ಇಲಿ ತಿನ್ನುವ ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ರೋಗಾಣು ಇರಬಹುದು. ಅದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು, ಆದ್ದರಿಂದ ಮಲದ ತಟ್ಟೆಯನ್ನು ದಿನವೂ ತೆಗೆದರೆ ಅಪಾಯ ಬಹಳ ಇಳಿಯುತ್ತದೆ. ಹುಲ್ಲಿನ ಚೀಲವನ್ನು ಬೆಕ್ಕು ಓಡಾಡುವಲ್ಲಿ ಇಡಬೇಡಿ, ಬೆಕ್ಕಿಗೆ ಅದರ ಮೇಲೆ ಮಲಗುವುದೆಂದರೆ ಪ್ರೀತಿ. ಹುಳುಕಡ್ಡಿ ನಿಮ್ಮ ಕೈಯಿಂದಲೇ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಮೊದಲು ಚಿಂಚಿಲ್ಲಾ ಕೆಲಸ ಮುಗಿಸಿ, ಆಮೇಲೆ ಬೆಕ್ಕನ್ನು ಮುಟ್ಟಿ. ಉಲ್ಟಾ ಆದರೆ ಸೋಪಿನಿಂದ ಕೈ ತೊಳೆದು, ಕೋಣೆಗೆಂದೇ ಇಟ್ಟ ಬೇರೆ ಅಂಗಿ ಹಾಕಿಕೊಳ್ಳಿ.

ಏಟು ಬಿದ್ದರೆ

ಬೆಕ್ಕು ಮುಟ್ಟಿತೆಂದು ಅನುಮಾನ ಬಂದರೆ ಸಾಕು, ರಕ್ತ ಕಾಣಲೆಂದು ಕಾಯಬೇಡಿ. ಬೆಕ್ಕಿನ ಕೋರೆಹಲ್ಲು ಸೂಜಿಯಷ್ಟು ಸಣ್ಣ ತೂತು ಮಾಡಿ ಆಳಕ್ಕೆ ಇಳಿಯುತ್ತದೆ. ಅದರ ಬಾಯಲ್ಲಿ ಸಹಜವಾಗಿರುವ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ಆ ತೂತಿನಲ್ಲಿ ಉಳಿದು, ಒಂದೆರಡು ದಿನದಲ್ಲೇ ರಕ್ತಕ್ಕೆ ನಂಜು ಹರಡಬಲ್ಲದು. ಚಿಂಚಿಲ್ಲಾದ ದಟ್ಟ ಕೂದಲಿನಲ್ಲಿ ಗಾಯ ಕಾಣುವುದೇ ಇಲ್ಲ. ಒಂದು ಕಡೆ ಕೂದಲ ಗೊಂಚಲು ಕಿತ್ತುಬಂದಿದ್ದರೆ ಅದು ತಪ್ಪಿಸಿಕೊಳ್ಳಲು ತಾನೇ ಬಿಟ್ಟದ್ದು, ಸುತ್ತಮುತ್ತ ಕೂದಲು ಬಿಡಿಸಿ ನೋಡಿ. ಸಲೈನ್‌ನಿಂದ ತೊಳೆದು, ಒಣ ಟವೆಲ್ಲಿನಲ್ಲಿ ಸುತ್ತಿ, ಕತ್ತಲೆಯ ತಂಪು ಡಬ್ಬದಲ್ಲಿಟ್ಟು ಅಂದೇ ವೈದ್ಯರ ಬಳಿ ಹೋಗಿ. ಅರಿಶಿನ ಮೆತ್ತಬೇಡಿ, ಕೂದಲು ಗಂಟಾಗಿ ಗಾಯ ಮುಚ್ಚಿಹೋಗುತ್ತದೆ.

ಮನೆಯಲ್ಲಿರುವ ಮಾತ್ರೆ ಕೊಡುವುದಂತೂ ಬೇಡವೇ ಬೇಡ. ನಾಯಿ, ಬೆಕ್ಕಿನ ಗಾಯಕ್ಕೆ ಎಲ್ಲರೂ ಬರೆಯುವ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಹಾಗೆಯೇ ಲಿಂಕೊಮೈಸಿನ್, ಕ್ಲಿಂಡಾಮೈಸಿನ್, ಎರಿಥ್ರೊಮೈಸಿನ್ ಚಿಂಚಿಲ್ಲಾದ ಹೊಟ್ಟೆಗೆ ಹೋದರೆ ಜೀರ್ಣಕ್ಕೆ ಬೇಕಾದ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ವಿಷ ಉಗುಳುವ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಗಾಯ ವಾಸಿಯಾಗುವ ಮೊದಲೇ ಭೇದಿಯಾಗಿ ಪ್ರಾಣಿ ಸಾಯುತ್ತದೆ. ಚಿಂಚಿಲ್ಲಾವನ್ನು ನಿತ್ಯ ನೋಡದ ವೈದ್ಯರಿಗೆ ಇದು ತಕ್ಷಣ ಹೊಳೆಯದಿರಬಹುದು. ಹಸು, ಎಮ್ಮೆ, ಕುರಿ ನೋಡುವುದರಲ್ಲಿ ನಮ್ಮ ಜಿಲ್ಲೆಯ ಪಶುವೈದ್ಯರು ನುರಿತವರು, ಈ ಪ್ರಾಣಿ ಅವರಿಗೂ ಹೊಸದು. ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಪಂಜರಕ್ಕೆ ಅಂಟಿಸಿ, ಹೋಗುವಾಗ ಜೊತೆಗೆ ಒಯ್ಯಿರಿ, ಸಂಕೋಚಪಡದೆ ತೋರಿಸಿ. ಎನ್ರೋಫ್ಲಾಕ್ಸಾಸಿನ್ ಅಥವಾ ಸಲ್ಫಾ ಟ್ರೈಮೆಥೊಪ್ರಿಮ್‌ನಂಥವು ಸಾಮಾನ್ಯವಾಗಿ ಒಗ್ಗುತ್ತವೆ. ತೂಕ ನೋಡಿ ಪ್ರಮಾಣ ನಿರ್ಧರಿಸಬೇಕಾದವರು ವೈದ್ಯರೇ. ಪ್ರಾಣಿ ಬರುವ ಮೊದಲೇ ಊರಿನಲ್ಲಿ ಒಬ್ಬ ವೈದ್ಯರನ್ನು ಕಂಡು ಮಾತಾಡಿರಿ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಸುಮಾರು ಎರಡು ಗಂಟೆಯ ದಾರಿ, ಅಲ್ಲಿನ ಆಸ್ಪತ್ರೆಯ ಸಮಯವನ್ನೂ ವಿಚಾರಿಸಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಮಗಳು ತೋರಿಸುವ ವೈದ್ಯರ ಫೋನ್ ನಂಬರ್ ಕೈಯಲ್ಲಿರಲಿ.

ನಿಮ್ಮ ಮುಂದಿರುವ ದಾರಿಗಳು

ಎಸಿ ಹಾಕಿಸಿ, ಮೇಲೆ ಹೇಳಿದಂತೆ ಕೋಣೆ ಸಿದ್ಧಮಾಡಿ ಚಿಂಚಿಲ್ಲಾ ತರುವುದು ಒಂದು. ಇದರಲ್ಲಿ ಉಳಿಯುವ ಅಪಾಯ ಮನುಷ್ಯರ ಮರೆವು ಮತ್ತು ಬೇಸಿಗೆಯ ಕರೆಂಟ್. ಮಾರ್ಚ್‌ನಿಂದ ಮೇ ವರೆಗೆ ಎಸಿ ಹಗಲೂ ರಾತ್ರಿ ಓಡಬೇಕಾಗುತ್ತದೆ, ಬಿಲ್ಲಿನ ಲೆಕ್ಕ ಮೊದಲೇ ಹಾಕಿ. ಮನೆಯವರೆಲ್ಲ ಮೂರು ದಿನ ಮದುವೆಗೆ ಹೋದಾಗ ಯಾರು ನೋಡುತ್ತಾರೆ ಎಂಬುದಕ್ಕೂ ಉತ್ತರವಿರಬೇಕು.

ಬೆಂಗಳೂರಿನಲ್ಲೇ, ಬೆಕ್ಕಿಲ್ಲದ, ಚಿಂಚಿಲ್ಲಾ ಸಾಕಿ ಅನುಭವವಿರುವ ಮನೆಯಲ್ಲಿ ಬಿಡುವುದು ಇನ್ನೊಂದು. ಅಲ್ಲಿಯೂ ಬೇಸಿಗೆಯಲ್ಲಿ ಎಸಿ ಬೇಕು, ಆದರೆ ಎಷ್ಟೋ ತಿಂಗಳು ಹವೆ ಅದಕ್ಕೆ ಅನುಕೂಲ, ವೈದ್ಯರೂ ಹತ್ತಿರ. ಎಸಿ ಹಾಕಿಸಲು ನಿಮಗೆ ಕಷ್ಟವಾದರೆ ಇದೇ ಸರಿಯಾದ ದಾರಿ. ಹಾಗೆ ಹೇಳಿದರೆ ಮಗಳಿಗೆ ಬೇಸರವಾದೀತು. ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷ ಬದುಕುವ ಪ್ರಾಣಿಯ ಪಾಲಿನ ಬೇಸಿಗೆಗಳ ಪ್ರಶ್ನೆ ಇದು ಎಂದು ಅವಳಿಗೆ ತಿಳಿಸಿ ಹೇಳಿ. ಹಾಲ್‌ನಲ್ಲಿ ಪಂಜರವಿಟ್ಟು ಕೂಲರ್ ಹಾಕಿ ನೋಡೋಣ ಎನ್ನುವ ಮೂರನೆಯ ದಾರಿಯನ್ನು ನಾನು ಒಪ್ಪುವುದಿಲ್ಲ.

ಕಾಗದಪತ್ರದ ಮಾತೂ ಇದೆ. ಕಾಡಿನ ಚಿಂಚಿಲ್ಲಾ ವನ್ಯಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಒಂದನೇ ಅನುಬಂಧದಲ್ಲಿದೆ, ಸಾಕಿ ಬೆಳೆಸಿದ ತಳಿಗೆ ಅದರಿಂದ ವಿನಾಯಿತಿ. ಕೊಂಡಾಗಿನ ರಸೀದಿ, ಸಾಕಣೆದಾರರ ಪತ್ರ ಇದ್ದರೆ ಪ್ರತಿ ತರಿಸಿಕೊಳ್ಳಿ. ಊರು ಬದಲಾಗುವುದರಿಂದ ಅರಣ್ಯ ಇಲಾಖೆಗೆ ಏನಾದರೂ ತಿಳಿಸಬೇಕೇ ಎಂದು 2023ರಿಂದ ಜಾರಿಯಲ್ಲಿರುವ ವನ್ಯಜೀವಿ ಸಂರಕ್ಷಣಾ ತಿದ್ದುಪಡಿ ಕಾಯ್ದೆಯ ಪ್ರಕಾರ ಇಲಾಖೆಯ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ತರುವುದೇ ಆದರೆ ನವೆಂಬರ್, ಡಿಸೆಂಬರಿನಲ್ಲಿ ತನ್ನಿ. ಬೆಂಗಳೂರಿನಿಂದ 260 ಕಿ.ಮೀ. ಹಾದಿ, ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಬಿಸಿಲೇರುವ ಮೊದಲು ಮನೆ ಸೇರಿ. ಸ್ವಂತ ಕಾರು ಅಥವಾ ಬಾಡಿಗೆ ಕಾರು, ಎಸಿ ಹಾಕಿ, ಬಸ್ಸಿನ ಲಗೇಜ್ ಡಿಕ್ಕಿ ಬೇಡ. ಗಟ್ಟಿ ಡಬ್ಬದಲ್ಲಿ ಹುಲ್ಲು ತುಂಬಿಡಿ, ಚಿತ್ರದುರ್ಗದಲ್ಲಿ ನಿಲ್ಲಿಸಿದಾಗ ನೀರಿನ ಬಾಟಲಿ ತೂಗುಹಾಕಿ, ಕಾರಿನಲ್ಲಿ ಒಂಟಿಯಾಗಿ ಬಿಟ್ಟು ತಿಂಡಿಗೆ ಇಳಿಯಬೇಡಿ. ಬರುವುದಕ್ಕೆ ಎರಡು ವಾರ ಮೊದಲೇ ಕೋಣೆಯ ಬಾಗಿಲನ್ನು ಬೆಕ್ಕಿಗೆ ಮುಚ್ಚಿ, ಖಾಲಿ ಕೋಣೆ ತನ್ನದಲ್ಲ ಎಂಬುದು ಅದಕ್ಕೆ ರೂಢಿಯಾಗಲಿ. ಎಸಿಯನ್ನೂ ಆ ದಿನಗಳಲ್ಲೇ ಓಡಿಸಿ, ಮೀಟರಿನ ಅಂಕಿ ಬರೆದಿಡಿ. ಜೊತೆಗೆ ಒಂದು ಮಧ್ಯಾಹ್ನ ಬೇಕೆಂದೇ ಎಸಿಯ ಮೇನ್ ಆಫ್ ಮಾಡಿ, ಕೋಣೆ 26 ಡಿಗ್ರಿಗೆ ಏರಲು ಎಷ್ಟು ಹೊತ್ತು ಬೇಕೆಂದು ನೋಡಿ. ಚಳಿಗಾಲದಲ್ಲಿ ಸಿಕ್ಕ ಆ ಹೊತ್ತು ಏಪ್ರಿಲ್‌ನಲ್ಲಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂದು ಲೆಕ್ಕ ಹಿಡಿದು ಮಂಜಿನ ಬಾಟಲಿಗಳ ಸಂಖ್ಯೆ ನಿರ್ಧರಿಸಿ.